ಬಾಯೊಳಗಿದ್ದರೆ ಹಲ್ಲು, ಹೊರಗೆ ಬಂದರೆ ಎಂಜಲು

ಮಧ್ಯಾಹ್ನ ಎಲ್ಲರ ಊಟವಾಗಿ, ಎಲೆ ಎತ್ತಿ, ಗೋಮಯ ಹಚ್ಚಿ, ನಡುಮನೆಯ ಕಂಬಕ್ಕೆ ಒರಗಿ ಕೂತರೆ ನನಗೆ ನಿದ್ದೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಹೊತ್ತು ಬರುತ್ತದೆ. ಆಗ ನಿಂತ ವಸ್ತುಗಳೆಲ್ಲ ಮೆಲ್ಲಗೆ ಜರುಗುತ್ತಿರುವಂತೆ ಕಾಣುತ್ತವೆ. ಗವಾಕ್ಷಿಯಿಂದ ಬಿದ್ದ ಬಿಸಿಲಿನ ಬಿಲ್ಲೆ ಒರಳುಕಲ್ಲನ್ನು ಬಿಟ್ಟು ಬೀಸುವ ಕಲ್ಲಿನ ಕಡೆಗೆ ಹೊರಡುತ್ತದೆ. ಎದುರುಗೋಡೆ ಒಂದಿಷ್ಟು ಹಿಂದಕ್ಕೆ ಸರಿಯುತ್ತದೆ. ನಮ್ಮ ಮನೆಯವರು ಪಂಚೆಯನ್ನು ಮುಖದ ಮೇಲೆಳೆದುಕೊಂಡು ಮಲಗಿರುವ ಚಾಪೆ ಹರಿಗೋಲಿನ ಹಾಗೆ ಹೊಸ್ತಿಲ ಕಡೆಗೆ ತೇಲುತ್ತದೆ. ಹೋದರೆ ಹೋಗಲಿ ಎಂದು ನಾನೂ ಸುಮ್ಮನಿರುತ್ತೇನೆ. ಸೊಸೆಗೆ ಹೇಳಿದರೆ ಇದಕ್ಕೆ ತೂಕಡಿಕೆ ಅನ್ನುತ್ತಾರೆ ಎನ್ನುತ್ತಾಳೆ. ಇರಬಹುದು. ಆದರೆ ಲೋಕದಲ್ಲಿ ಯಾವುದೂ ಇಟ್ಟಲ್ಲಿ ಇರುವುದಿಲ್ಲವೆಂದು ನನಗೆ ತಿಳಿದದ್ದು ತೂಕಡಿಸುವಾಗಲೇ. ಹಲ್ಲು ಕೂಡ ಹುಟ್ಟಿದಲ್ಲಿ ಇರುವುದಿಲ್ಲ ಎನ್ನುವುದನ್ನು ಮಾತ್ರ ಮೊಮ್ಮಗಳು ನಾಗುವಿನ ಬಾಯಿ ನೋಡಿ ಕಲಿತೆ.

ನಾಗುವಿನ ಹಲ್ಲು ಚೆನ್ನಾಗಿರಲಿಲ್ಲ. ನನ್ನ ಮಗನ ಮಗಳೆಂದು ಮುಚ್ಚಿಡುವುದೇನೂ ಇಲ್ಲ. ಮುಚ್ಚಿಡುವುದಕ್ಕೆ ಅವಳ ತುಟಿಯೇ ಸಾಲುತ್ತಿರಲಿಲ್ಲ. ಮೇಲಿನ ಸಾಲಿನ ಮುಂದಿನ ಹಲ್ಲುಗಳು, ಬೀದಿಯಲ್ಲಿ ವಾಲಗದ ಸದ್ದು ಕೇಳಿ ಜಗುಲಿಗೆ ಓಡಿಬಂದ ಹೆಂಗಸರ ಹಾಗೆ, ಒಂದನ್ನೊಂದು ತಳ್ಳಿಕೊಂಡು ಆಚೆ ಬಂದು ನಿಂತಿದ್ದವು. ಮಿಡ್ಲ್ ಸ್ಕೂಲಿನ ಹುಡುಗಿಯರು ಅವಳಿಗೆ ತುರಿಮಣೆ ಎಂದು ಹೆಸರಿಟ್ಟರು. ಹೆಸರು ಸರಿಯಾಗಿಯೇ ಇತ್ತು, ಅದೇ ತೊಂದರೆ. ಅವಳು ಮೊದಲು ಕೈ ಅಡ್ಡ ಹಿಡಿದು ನಕ್ಕಳು, ಆಮೇಲೆ ನಗುವುದನ್ನು ಬಿಟ್ಟಳು, ಆಮೇಲೆ ಪಾಠ ಓದು ಎಂದರೆ ಎದ್ದು ನಿಂತು ನೆಲ ನೋಡತೊಡಗಿದಳು. ಒಂದು ದಿನ ಚೀಲವನ್ನು ಗೂಟಕ್ಕೆ ತಗುಲಿಹಾಕಿ ನನ್ನ ಮುಂದೆ ಬಂದು ನಿಂತಳು.

"ಅಜ್ಜಿ, ಹಲ್ಲು ಒಳಕ್ಕೆ ಹೋಗೋ ತನಕ ನಾನು ಸ್ಕೂಲಿಗೆ ಹೋಗಲ್ಲ."

"ಹಾಗಾದ್ರೆ ಬಾ, ಕಾಯಿ ತುರಿಯೋದಿದೆ" ಎಂದೆ. ಬೇಕೆಂದು ಅಂದದ್ದಲ್ಲ. ಅಂದು ನಿಜವಾಗಿಯೂ ಕಾಯಿ ತುರಿಯುವುದಿತ್ತು. ಅವಳು ಸಂಜೆಯವರೆಗೂ ಹಿತ್ತಿಲಲ್ಲಿ ಕೂತು ಅತ್ತಳು. ಕಾಯಿಯನ್ನು ನಾನೇ ತುರಿದೆ.

ನನ್ನ ಓದು ಮೂರನೇ ಕ್ಲಾಸಿಗೆ ಮುಗಿದದ್ದು. ಮುಗಿದದ್ದಕ್ಕೆ ಯಾರೂ ಅಳಲಿಲ್ಲ, ನಾನೂ ಅಳಲಿಲ್ಲ. ಈ ಹುಡುಗಿ ಹಾಗಲ್ಲ. ಗೂಟದಲ್ಲಿ ತೂಗುವ ಚೀಲವನ್ನು ದಿನಾ ಬಂದು ನೋಡುವಳು, ಮುಟ್ಟುವಳು, ಹೋಗುವಳು. ಅವಳಪ್ಪ ಶ್ರೀಕಂಠನಿಗೆ ಇದನ್ನು ನೋಡಲಾಗಲಿಲ್ಲ. ಸೊಸೆ ಬಾಣಂತನಕ್ಕೆಂದು ಅರಕಲಗೂಡಿನ ತವರಿಗೆ ಹೋಗಿದ್ದ ಕಾಲ ಅದು. ಹಾಸನಕ್ಕೆ ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರೊಬ್ಬರು ಬರುತ್ತಾರೆ, ಕಲ್ಕತ್ತೆಯಲ್ಲಿ ಓದಿದವರು, ಉಬ್ಬುಹಲ್ಲನ್ನು ಒಳಕ್ಕೆ ಕೂರಿಸುತ್ತಾರೆ ಎಂದು ಯಾರೋ ಅವನಿಗೆ ಹೇಳಿದರು. ಹುಡುಗಿಯ ಜೊತೆ ಹೆಂಗಸೊಬ್ಬಳು ಬೇಕಲ್ಲ ಎಂದು ನಾನೂ ಹೊರಟೆ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎಂದು ಬಾಯಿಮಾತಿಗೆ ಹೇಳುವುದು. ಏರು ಬಂದರೆ ಹಸು ಹಿಡಿದು ನಡೆಯುವವನು ನಮ್ಮನ್ನು ದಾಟಿಹೋಗಿ, ಹಸು ಕಟ್ಟಿ, ತಿರುಗಿ ಬರುತ್ತಿದ್ದ.

ಡಾಕ್ಟರು ಬಿಳಿಯ ಹಿಟ್ಟಿನಂಥದನ್ನು ಹುಡುಗಿಯ ಬಾಯಿಗೆ ತುಂಬಿ ಅಚ್ಚು ತೆಗೆದರು. ಮುಂದಿನ ಸಲ ಹೋದಾಗ ಅಂಗುಳಕ್ಕೆ ಅಂಟಿ ಕೂರುವ ಗಟ್ಟಿ ರಬ್ಬರಿನ ಒಂದು ಪ್ಲೇಟು ಕೊಟ್ಟರು. ಅದರಿಂದ ಹೊರಟ ತಂತಿ ಮುಂದಿನ ಹಲ್ಲುಗಳ ಮೇಲೆ ಬೇಲಿಯ ಹಾಗೆ ಹಾದುಹೋಗಿತ್ತು. ಹಗಲೂ ರಾತ್ರಿ ಬಾಯಲ್ಲೇ ಇರಬೇಕು, ಬೆಳಿಗ್ಗೆ ಒಂದು ಸಲ ತೊಳೆಯಲು ಮಾತ್ರ ತೆಗೆಯಬೇಕು, ತೆಗೆದಿಟ್ಟರೆ ಹಲ್ಲು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ ಎಂದರು. ಮೂಳೆಯಲ್ಲಿ ನಾಟಿಕೊಂಡ ಹಲ್ಲು ಹೇಗೆ ನಡೆಯುತ್ತದೆ ಎಂದು ನಾನು ಕೇಳಿದೆ. ಮೊಳೆಯ ಹಾಗೆ ನಾಟಿಕೊಂಡಿಲ್ಲವಂತೆ. ಬೇರಿನ ಸುತ್ತ ಎಳೆನಾರುಗಳಿದ್ದು, ಹಗ್ಗದಲ್ಲಿ ತೊಟ್ಟಿಲು ತೂಗುಬಿದ್ದ ಹಾಗೆ ಹಲ್ಲು ಅವುಗಳಲ್ಲಿ ತೂಗುಬಿದ್ದಿರುತ್ತದಂತೆ. ತಂತಿ ಮೆಲ್ಲಗೆ, ಬಿಡದೆ ಒತ್ತಿದರೆ ಒತ್ತಿದ ಕಡೆಯ ಮೂಳೆ ಕರಗಿ ದಾರಿ ಬಿಡುತ್ತದೆ. ಹಲ್ಲು ಬಿಟ್ಟುಬಂದ ಕಡೆಯಲ್ಲಿ ನಾರು ಜಗ್ಗಿ ಹೊಸ ಮೂಳೆ ಬೆಳೆಯುತ್ತದೆ. ಜೋರಾಗಿ ಒತ್ತಿ ಬೇಗ ಮುಗಿಸಬಾರದೇ ಎಂದೆ. ಜೋರು ಮಾಡಿದರೆ ಅಲ್ಲಿ ರಕ್ತ ಓಡಾಡುವುದು ನಿಂತು ಹಲ್ಲು ಇದ್ದಲ್ಲೇ ಕಚ್ಚಿಕೊಳ್ಳುತ್ತದೆ, ಬೇರಿನ ತುದಿಯೂ ಸವೆದುಹೋಗುತ್ತದೆ ಎಂದರು. ನನಗೆ ಸೊಸೆಯ ನೆನಪಾಯಿತು. ಬಂದ ಹೊಸದರಲ್ಲಿ ಅವಳನ್ನು ನಮ್ಮ ಮನೆಯ ರೀತಿಗೆ ತರಲು ನಾನು ಬಲವಾಗಿ ಒತ್ತಿದ್ದೆ. ಈಗಲೂ ಅವಳು ಇದ್ದಲ್ಲೇ ಇದ್ದಾಳೆ.

ಡಾಕ್ಟರು ಇನ್ನೂ ಏನೇನೋ ಹೇಳುತ್ತಿದ್ದರು. ನಾನು ಅಷ್ಟರಲ್ಲಿ ಹೊಳೆಯ ದಂಡೆಗೆ ಹೋಗಿದ್ದೆ. ಕುರ್ಚಿ ಮೆತ್ತಗಿತ್ತು, ಕಿಟಕಿಯಿಂದ ಗಾಳಿ ಬರುತ್ತಿತ್ತು. ನಮ್ಮ ಮಾವನವರ ಕಾಲದಲ್ಲಿ ಹೇಮಾವತಿಯ ಅಂಚಿಗೆ ನಮ್ಮದೊಂದು ಗದ್ದೆಯಿತ್ತು. ಪ್ರತಿ ಮಳೆಗಾಲದಲ್ಲೂ ಹೊಳೆ ನಮ್ಮ ದಡವನ್ನು ಒಂದಿಷ್ಟು ಕಚ್ಚಿ ಎದುರು ದಡದಲ್ಲಿ ಉಗುಳುತ್ತಿತ್ತು. ಎದುರಿನವನು ಅಲ್ಲಿ ಸೌತೆಬಳ್ಳಿ ಹಬ್ಬಿಸಿದ. ಮಾವನವರು ಈಚೆ ನಿಂತು ಅದು ನಮ್ಮ ಮಣ್ಣು ಎಂದು ಕೂಗುವರು. ಅವನು ಹರಿಗೋಲಿನಲ್ಲಿ ಸೌತೆಕಾಯಿ ಕಳಿಸುವನು. ಇವರು ಬೈಯುತ್ತಲೇ ತಿನ್ನುವರು. ಹೊಳೆ ಯಾವತ್ತೂ ಜೋರಾಗಿ ಏನೂ ಮಾಡಿದಂತೆ ಕಾಣಲಿಲ್ಲ. ಬಟ್ಟೆ ಒಗೆಯಲು ಹೋದಾಗ ನೋಡಿದರೆ ತಣ್ಣಗೆ ಹರಿಯುತ್ತಿರುತ್ತಿತ್ತು. ಆದರೂ ಗದ್ದೆ ಆಚೆಗೆ ಹೋಯಿತು. ಹೀಗೆ ನಾನು ಸೌತೆಬಳ್ಳಿಯ ನಡುವೆ ಓಡಾಡುತ್ತಿದ್ದಾಗ ಶ್ರೀಕಂಠ ಭುಜ ಅಲುಗಿಸಿ, ಅಮ್ಮ, ಬಸ್ಸಿಗೆ ಹೊತ್ತಾಯಿತು ಎಂದ. ಡಾಕ್ಟರು ಕೊನೆಯಲ್ಲಿ ಹೇಳಿದ್ದು ನನ್ನ ಕಿವಿಗೆ ಬೀಳಲೇ ಇಲ್ಲ.

ಮೊದಲ ದಿನಗಳು ಗಂಜಿಯಲ್ಲಿ ಕಳೆದವು. ನಾಗುವಿಗೆ ಹಲ್ಲೆಲ್ಲ ಜುಮುಜುಮು ನೋವು, ವಸಡು ಕೆಂಪಗೆ ಊದಿತ್ತು, ಬಾಯಲ್ಲಿ ಪ್ಲೇಟಿಟ್ಟುಕೊಂಡು ಮಾತಾಡಿದರೆ ಕೊಳಗದೊಳಗಿಂದ ಮಾತಾಡಿದಂತೆ ಕೇಳುತ್ತಿತ್ತು. ಅದಕ್ಕೆಲ್ಲ ನಾನು ಹೆದರಲಿಲ್ಲ. ಒಂದು ದಿನ ತಲೆ ಬಾಚುವಾಗ ಬಾಯಿ ಬಿಡಿಸಿ ಮುಂದಿನ ಹಲ್ಲನ್ನು ಬೆರಳಿನಿಂದ ಮುಟ್ಟಿದೆ. ಹಲ್ಲು ಅಲ್ಲಾಡಿತು. ಪಕ್ಕದ್ದನ್ನು ಮುಟ್ಟಿದೆ, ಅದೂ ಅಲ್ಲಾಡಿತು. ಆಗ ಹೆದರಿದೆ. ಈ ವಯಸ್ಸಿಗೆ ಹುಡುಗಿಯ ಮುಂದಿನ ಹಲ್ಲು ಉದುರಿದರೆ ಇನ್ನೊಂದು ಸಲ ಹುಟ್ಟುವುದಿಲ್ಲ. ತುರಿಮಣೆಗಾದರೂ ಹಲ್ಲಿರುತ್ತದೆ.

ಹಾಲು ತಂದ ಕೆಂಚಮ್ಮನಿಗೆ ಬಾಯಿ ತೋರಿಸಿದೆ. ಅವಳು ದೂರದಿಂದಲೇ ಬಗ್ಗಿ ನೋಡಿ ತಲೆಯಾಡಿಸಿದಳು. "ಬುಡ ಸಡ್ಲಾಗ್ಬುಟ್ಟದೆ ಕಣ್ರಮ್ಮ. ಇವತ್ತೋ ನಾಳಿಕೋ ಉದುರೋಯ್ತವೆ. ವಸಿ ಮುಂದಕ್ಕಿದ್ರೆ ಏನಾಗಿತ್ತು? ಅಲ್ಲು ಅನ್ನೋವು ಇದ್ವಲ್ಲ."

ನಾಗು ಇದನ್ನು ಕೇಳಿಸಿಕೊಂಡಳು. ಆ ಪ್ಲೇಟನ್ನು ತೆಗೆದು ಬಿಸಾಡು ಎಂದು ನಾನು ಹೇಳಿದೆ. ಅವಳು ತುಟಿ ಬಿಗಿದುಕೊಂಡು ಗೂಟದ ಚೀಲವನ್ನು ನೋಡಿದಳು. ನನ್ನ ಹಟ ಎರಡು ತಲೆಮಾರು ದಾಟಿ ಎದುರಿಗೆ ಬಂದು ನಿಂತಿತ್ತು. ಅದರ ಹತ್ತಿರ ಮಾತಾಡಿ ಪ್ರಯೋಜನವಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಗಾಗಿ ಪಕ್ಕದ ಬೀದಿಯ ಜೋಯಿಸರ ಹತ್ತಿರ ಹೋದೆ.

ನಮ್ಮ ಮನೆಯಲ್ಲಿ ಮಡಿ, ಎಂಜಲು ಬಹಳ. ಕುಡಿದ ಲೋಟ ತುಟಿಗೆ ತಗುಲಿದರೆ ಅದಕ್ಕೊಂದು ವಿಚಾರಣೆ. ಅಂಥಲ್ಲಿ ಹಗಲೂ ರಾತ್ರಿ ಬಾಯಲ್ಲಿ ನೆನೆದ ವಸ್ತುವೊಂದು ಹೊರಗೆ ಬರುವುದು, ತೊಳೆಸಿಕೊಳ್ಳುವುದು, ತಿರುಗಿ ಒಳಗೆ ಹೋಗುವುದು ನಡೆಯುವುದಾದರೂ ಹೇಗೆ? ಕೂಡದು ಎಂದು ಜೋಯಿಸರು ಒಂದು ಮಾತು ಹೇಳಿದರೆ ಶ್ರೀಕಂಠನೂ ಮೀರುವ ಹಾಗಿಲ್ಲ. ಆದರೆ ಜೋಯಿಸರ ಮುಂದಿನ ಹಲ್ಲೇ ಅಲ್ಲಾಡುತ್ತಿತ್ತು. ಅದನ್ನು ಪಕ್ಕದ ಹಲ್ಲಿಗೆ ಬೆಳ್ಳಿಯ ಎಳೆಯಲ್ಲಿ ಬಿಗಿಸಿಕೊಂಡಿದ್ದರು. ನಾನದನ್ನು ಮರೆತಿದ್ದೆ. ಅವರು ನಾಲಗೆಯಿಂದ ಆ ಬೆಳ್ಳಿಯನ್ನು ಸವರುತ್ತ ಬಹಳ ಹೊತ್ತು ಯೋಚಿಸಿದರು.

"ಬಾಯೊಳಗಿರೋ ತನಕ ಅದು ಹಲ್ಲೇ, ವೆಂಕಮ್ಮನವರೇ. ದೋಷವಿಲ್ಲ. ಹೊರಗೆ ಬಂತೋ, ಎಂಜಲು. ಕೈ ತೊಳೆದರೆ ಸಾಲದು. ತೆಗೆದವರು ತಲೆಗೆ ಸ್ನಾನ ಮಾಡಬೇಕು."

ಅಷ್ಟೇ ಸಾಕಾಗಿತ್ತು ನನಗೆ. ಸೌದೆಗೆ ಕಷ್ಟವಾಗಿದ್ದ ಕಾಲ. ಹಂಡೆಯಲ್ಲಿ ಬಿಸಿನೀರು ಕಾಯುವುದು ಬೆಳಿಗ್ಗೆ ಒಂದೇ ಸಲ. ಆಮೇಲೆ ಸ್ನಾನವೆಂದರೆ ಬಾವಿಯಿಂದ ಸೇದಿದ ತಣ್ಣೀರು. ಅದೂ ಮಾರ್ಗಶಿರದ ಚಳಿ. ನೋವಾದಾಗೆಲ್ಲ ಪ್ಲೇಟು ತೆಗೆಯುತ್ತಾಳೆ, ತೆಗೆದಾಗೆಲ್ಲ ತಣ್ಣೀರು ಸುರಿದುಕೊಳ್ಳುತ್ತಾಳೆ, ಮೂರನೆಯ ಸ್ನಾನಕ್ಕೆ ಪ್ಲೇಟು ಬೇಲಿಯಾಚೆ ಬೀಳುತ್ತದೆ ಎಂದು ಲೆಕ್ಕ ಹಾಕಿದೆ. ಜೋಯಿಸರ ತೀರ್ಪನ್ನು ಮನೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಲೆಕ್ಕ ತಪ್ಪಿತು. ನಾಗು ಅದನ್ನು ತೆಗೆಯಲೇ ಇಲ್ಲ. ಬೆಳಿಗ್ಗೆ ಬಚ್ಚಲಿಗೆ ಹೋದಾಗ ತೆಗೆದು, ಉಪ್ಪುನೀರಿನಲ್ಲಿ ತೊಳೆದು, ಬಾಯಿ ಮುಕ್ಕಳಿಸಿ, ತಿರುಗಿ ಹಾಕಿಕೊಂಡು, ಮೀಯುವಳು. ಹೇಗಿದ್ದರೂ ಮೀಯುವುದೇ ಆಗಿತ್ತು. ಆಮೇಲೆ ಮಾರನೆಯ ಬೆಳಗಿನವರೆಗೆ ಅದು ಹಲ್ಲು. ಊಟದಲ್ಲಿ ಅನ್ನ ಸಿಕ್ಕಿಕೊಂಡರೂ ತೆಗೆಯಲಿಲ್ಲ, ನೋವಾದರೂ ತೆಗೆಯಲಿಲ್ಲ. ಮಧ್ಯಾಹ್ನ ನನ್ನ ಪಕ್ಕದಲ್ಲೇ ಬಾಯಿ ತೆರೆದುಕೊಂಡು ಮಲಗಿರುತ್ತಿದ್ದಳು. ಗವಾಕ್ಷಿಯ ಬಿಸಿಲು ಜರುಗಿ ಜರುಗಿ ಬಂದು ಆ ತಂತಿಯ ಮೇಲೆ ಒಂದು ಕ್ಷಣ ಕೂತು ಹೋಗುತ್ತಿತ್ತು. ನಾನು ಕಂಬಕ್ಕೆ ಒರಗಿ ನೋಡುತ್ತ, ಈಗ ಒಂದು ದಡ ಕರಗುತ್ತಿರಬಹುದು, ಇನ್ನೊಂದು ದಡದಲ್ಲಿ ಮರಳು ಕೂರುತ್ತಿರಬಹುದು ಅಂದುಕೊಳ್ಳುವೆ. ಅದಕ್ಕೆ ಸದ್ದು ಎನ್ನುವುದೇ ಇರಲಿಲ್ಲ. ಹಲ್ಲು ಉದುರಿ ಗಂಟಲಿಗೆ ಹೋದೀತೆಂದು ನಾನು ನಿದ್ದೆಗೆಟ್ಟೆ. ನನ್ನ ಜೀವಮಾನದಲ್ಲಿ ಮಧ್ಯಾಹ್ನ ಎಚ್ಚರವಾಗಿದ್ದದ್ದು ಆ ಕಾಲದಲ್ಲಿ ಮಾತ್ರ.

ಮತ್ತೆ ಹಾಸನಕ್ಕೆ ಹೋದಾಗ ಡಾಕ್ಟರು ಹುಡುಗಿಯ ಬಾಯೊಳಗೆ ನೋಡಿ ಶ್ರೀಕಂಠನನ್ನು ಕರೆದು ತೋರಿಸಿದರು. ಹಲ್ಲು ಎಣಿಸಿದ್ದಕ್ಕಿಂತ ಚೆನ್ನಾಗಿ ಒಳಗೆ ಬಂದಿತ್ತು. ಅಲ್ಲಾಡುತ್ತದಲ್ಲ ಎಂದು ನಾನು ಕೇಳಿದೆ. ಹೊಸ ಮೂಳೆ ಗಟ್ಟಿಯಾಗುವ ತನಕ ಅಲ್ಲಾಡಲೇಬೇಕು, ಮೊದಲೇ ಹೇಳಿದ್ದೆನಲ್ಲಮ್ಮ ಎಂದರು. ನಾನು ಸೌತೆಬಳ್ಳಿಯ ಮಧ್ಯೆ ಇದ್ದಾಗ ಹೇಳಿರಬೇಕು. ಉಳಿದವರೆಲ್ಲ ಊಟಕ್ಕೊಮ್ಮೆ ನಿದ್ದೆಗೊಮ್ಮೆ ತೆಗೆದಿಡುತ್ತಾರಂತೆ. ಚನ್ನರಾಯಪಟ್ಟಣದ ಹುಡುಗನೊಬ್ಬ ಕಿಟಕಿಯಲ್ಲಿಟ್ಟದ್ದನ್ನು ಕಾಗೆ ಎತ್ತಿಕೊಂಡು ಹೋಯಿತಂತೆ. "ಈ ಮಗು ಒಂದು ಗಳಿಗೆಯೂ ತೆಗೆದಿಲ್ಲ. ಏನು ಮಾಡಿದಿರಿ ಅಮ್ಮ ನೀವು?" ಎಂದು ಕೈಮುಗಿದರು. ನಾನು ಸೆರಗು ಸರಿಮಾಡಿಕೊಂಡೆ. ಹೊಗಳುವವರನ್ನು ತಡೆಯುವುದು ಒಳ್ಳೆಯ ನಡತೆಯಲ್ಲ. ಬೇಸಗೆ ಕಳೆದು ಸ್ಕೂಲು ತೆರೆದಾಗ ನಾಗು ಗೂಟದಿಂದ ಚೀಲ ಇಳಿಸಿ ದೂಳು ಕೊಡವಿದಳು. ತುಟಿಗೆ ತುಟಿ ಕೂಡಿತ್ತು. ಗಟ್ಟಿಯಾಗಲೆಂದು ಪ್ಲೇಟನ್ನು ಇನ್ನೂ ಬಹಳ ಕಾಲ ಇಟ್ಟುಕೊಳ್ಳಬೇಕಾಯಿತು. ಅದಕ್ಕೆ ತಣ್ಣೀರಿನ ಕಾವಲಿತ್ತು.

ಯುದ್ಧ ಮುಗಿಯಿತು. ನಾಗು ಹೈಸ್ಕೂಲಿಗೆ ಹೋದಳು. ನನ್ನ ಹಲ್ಲುಗಳು ಒಂದೊಂದಾಗಿ ಹುಳುಕಾದವು. ಕೊನೆಗೆ ಅದೇ ಡಾಕ್ಟರು ಉಳಿದದ್ದನ್ನೂ ಕಿತ್ತು, ಎರಡು ಸಾಲು ಹೊಸ ಹಲ್ಲು ಕಟ್ಟಿಸಿಕೊಟ್ಟರು. ಹಲ್ಲು ಹೋದ ಮೇಲೆ ಅದನ್ನು ಹಿಡಿದಿದ್ದ ಮೂಳೆಯ ದಡವೂ ಸವೆಯುತ್ತದಂತೆ. ಹಾಗಾಗಿ ಕಟ್ಟಿಸಿದ ಹಲ್ಲುಗಳು ದಿನೇದಿನೇ ಸಡಿಲವಾಗಿ ವಸಡನ್ನು ಉಜ್ಜುತ್ತವೆ. ಮಧ್ಯಾಹ್ನ ಒಂದು ಗಳಿಗೆ ತೆಗೆದಿಟ್ಟರೆ ಸ್ವರ್ಗ. ಆದರೆ ತೀರ್ಪು ತಂದವಳು ನಾನೇ. ವಯಸ್ಸಾದವರಿಗೆ ಏನಾದರೂ ವಿನಾಯಿತಿ ಉಂಟೇ ಎಂದು ಜೋಯಿಸರಲ್ಲಿಗೆ ಹೋದೆ. ಬೆಳ್ಳಿಯ ಎಳೆ ಹೋಗಿ ಅವರಿಗೂ ಎರಡು ಸಾಲು ಬಂದಿತ್ತು. ಕೆನ್ನೆ ಊದಿತ್ತು, ಕಣ್ಣಲ್ಲಿ ನೀರಿತ್ತು. ನನ್ನ ಮಾತೆಲ್ಲ ಕೇಳಿ, ಬಾಯಿ ತೆರೆಯದೆ, ಇಲ್ಲವೆಂದು ತಲೆಯಾಡಿಸಿದರು.

ಮೊನ್ನೆ ತಡೆಯಲಾಗಲಿಲ್ಲ. ಎಲ್ಲರೂ ಮಲಗಿದ ಮೇಲೆ ಕಂಬದ ಮರೆಯಲ್ಲಿ ಹಲ್ಲನ್ನು ತೆಗೆದು ಸೆರಗಿನ ತುದಿಯಲ್ಲಿ ಸುತ್ತಿಟ್ಟುಕೊಂಡೆ. ಬಾಯಿ ಹಗುರಾಯಿತು. ಬಿಸಿಲಿನ ಬಿಲ್ಲೆ ಹೊರಟಿತು, ಗೋಡೆ ಸರಿಯಿತು, ನಮ್ಮ ಮನೆಯವರ ಚಾಪೆ ಹೊಸ್ತಿಲ ಕಡೆಗೆ ತೇಲಿತು. ನಾನು ಆಚೆ ದಡ ತಲುಪಿ ಒಂದು ಸೌತೆಕಾಯಿಗೆ ಕೈ ಹಾಕಿದ್ದೆ, ಹಿತ್ತಿಲಲ್ಲಿ ಬಾವಿಯ ರಾಟೆ ಕಿರುಗುಟ್ಟಿತು. ಕಣ್ಣು ಬಿಟ್ಟರೆ ನಾಗು ಎದುರಿಗೆ ನಿಂತಿದ್ದಳು.

"ಏಳಿ ಅಜ್ಜಿ, ಕೊಡ ತುಂಬಿಸಿಟ್ಟಿದೀನಿ."

ನಗುತ್ತಿದ್ದಳು, ಕೈ ಅಡ್ಡ ಹಿಡಿಯದೆ, ಬಾಯಿ ತುಂಬ. ಒಂದೊಂದು ಹಲ್ಲೂ ನೂಲು ಹಿಡಿದು ಕೂರಿಸಿದ ಹಾಗಿತ್ತು. ಬೈಯೋಣವೆಂದರೆ ಬೈಯುವುದಕ್ಕೆ ಬಾಯಲ್ಲಿ ಹಲ್ಲಿರಲಿಲ್ಲ. ಹಾಕಿಕೊಂಡು ಬೈಯೋಣವೆಂದರೆ ತೆಗೆದದ್ದು ಆಗಿಹೋಗಿತ್ತು. ಎದ್ದು ಬಚ್ಚಲಿಗೆ ಹೋದೆ. ನೀರು ತಣ್ಣಗಿತ್ತು.