ದಾಳಿಂಬೆಗೆ ಬೇಡ ಎನ್ನದವನು

ಫರ್ಶಾದ್ ಆ ಬೆಳಿಗ್ಗೆ ಹೇಳಿದ್ದು ಒಂದೇ ಒಂದು ಸುಳ್ಳು, ಅದೂ ದಾಳಿಂಬೆಯಿಂದ ತಪ್ಪಿಸಿಕೊಳ್ಳಲು. ಮೂವತ್ತೆರಡಕ್ಕೇ ರಕ್ತದೊತ್ತಡ ಅಂಟಿಕೊಂಡು ಗುಟ್ಟಾಗಿ ಮಾತ್ರೆ ನುಂಗುತ್ತಿದ್ದ. ಮಾತ್ರೆಯ ಜೊತೆ ದಾಳಿಂಬೆ ಅತಿಯಾದರೆ ಒತ್ತಡ ಇಳಿದು ತಲೆ ತಿರುಗೀತು ಎಂದು ವೈದ್ಯರು ಎಚ್ಚರಿಸಿದ್ದರು. ಸಂಜೆ ಸೂದಾಬೆಯ ಮನೆಗೆ ಹೆಣ್ಣು ಕೇಳಲು ಹೋಗುವುದಿತ್ತು. ಕಾಯಿಲೆಯ ಸುದ್ದಿ ಹೊರಬಿದ್ದರೆ ಸಂಬಂಧ ಮುರಿದಂತೆಯೇ. ಆದ್ದರಿಂದ ಪಕ್ಕದ ಮನೆಯ ತೂರಾನ್ ಖಾನುಮ್ ಬಟ್ಟಲು ತುಂಬ ಕೆಂಪು ಕಾಳು ತಂದಾಗ, "ಹೊಟ್ಟೆ ಕೆಟ್ಟಿದೆ" ಎಂದುಬಿಟ್ಟ.

ಇರಾನಿನ ನಮ್ಮ ಸಾವೆ ಊರಿನಲ್ಲಿ ಆಡಬಾರದ ಮಾತದು. ಇಲ್ಲಿ ಹಣ್ಣಿನ ಕಾಲದಲ್ಲಿ ಪ್ರತಿ ಮಾಳಿಗೆಯ ಮೇಲೂ ಹೊಟ್ಟೆಯ ಮದ್ದಿಗೆಂದು ದಾಳಿಂಬೆ ಸಿಪ್ಪೆ ಒಣಗುತ್ತಿರುತ್ತದೆ; ಹೊಟ್ಟೆ ಕೆಟ್ಟವನೊಬ್ಬ ಸಿಗಲೆಂದು ಬೀದಿಗೆ ಬೀದಿಯೇ ಕಾದಿರುತ್ತದೆ.

"ಮೊದ್ಲೇ ಹೇಳೋದಲ್ವೇನೋ," ಎಂದು ತೂರಾನ್ ಖಾನುಮ್ ಸಿಪ್ಪೆಯ ಕಷಾಯ ತಂದಳು.

ನಮ್ಮಲ್ಲಿ ಮೊದಲ 'ಬೇಡ' ಮರ್ಯಾದೆಗೆ, ಎರಡನೆಯದು ನಾಚಿಕೆಗೆ. ಮೂರನೆಯದನ್ನು ಗಟ್ಟಿಯಾಗಿ ಹೇಳಿದರೆ ಮಾತ್ರ ನಂಬುತ್ತಾರೆ. ಆ ಮೂರನೆಯದನ್ನು ಹೇಳಲು ಫರ್ಶಾದನಿಗೆ ಎಂದೂ ಬಂದಿರಲಿಲ್ಲ. ಕುಡಿದ. ಒಗರಿಗೆ ನಾಲಿಗೆ ಚಪ್ಪಲಿಯ ಅಟ್ಟೆಯಂತಾಯಿತು.

ಕ್ಷೌರದಂಗಡಿಗೆ ಹೋಗುವಷ್ಟರಲ್ಲಿ ಸುದ್ದಿ ಅಲ್ಲಿಗೆ ಮುಟ್ಟಿತ್ತು. ಕ್ಷೌರಿಕ ಇಸ್ಕಂದರ್ ಅರ್ಧ ಗಡ್ಡ ಹೆರೆದು ನಿಲ್ಲಿಸಿದ. "ಸುಸ್ತಿಗೆ ರಸ ಕುಡೀರಿ. ಆಮೇಲೆ ಇನ್ನರ್ಧ."

ಎರಡು ಲೋಟ ಇಳಿಯಿತು. ದಾರಿಯಲ್ಲಿ ಮುದುಕ ಯದುಲ್ಲಾ ಕೈಹಿಡಿದು ಮನೆಗೆಳೆದ. "ಇದು ಹುಳದ ಕಾಟ. ದಾಳಿಂಬೆ ಬೇರಿನ ತೊಗಟೆ ಕುದಿಸಿದ್ದೀನಿ."

ಅವನ ಹೆಂಡತಿ ಬಟ್ಟಲು ಕಿತ್ತು ಚರಂಡಿಗೆ ಸುರಿದಳು. "ಅದು ವಿಷ ಕಣ್ರೀ, ಮದುವೆ ಗಂಡನ್ನ ಕೊಲ್ತೀರಾ? ನೀನು ರಸ ಕುಡಿಯಪ್ಪ."

ಜೀವ ಉಳಿಸಿದವಳಿಗೆ ಬೇಡ ಎನ್ನುವುದು ಹೇಗೆ? ಮತ್ತೆರಡು ಲೋಟ.

ಸಂಜೆಗೆ ಫರ್ಶಾದನ ಪಾದಗಳಿಗೆ ನೆಲ ಸಿಗುತ್ತಿರಲಿಲ್ಲ. ಬೀದಿ ಮೆಲ್ಲನೆ ಹರಿಯುತ್ತಿತ್ತು, ಗೋಡೆಗಳು ದಾರಿ ಬಿಡುತ್ತಿದ್ದವು, ಬೇಲಿಯಾಚೆಯ ಹಣ್ಣುಗಳು ದೀಪಗಳಂತೆ ತೇಲುತ್ತಿದ್ದವು. ಭಯವೆಲ್ಲ ಎಲ್ಲೋ ದೂರ ಉಳಿದು ಸುಖವೆನಿಸಿತು. ಹೂಗುಚ್ಛವನ್ನು ಅವನು ಹಿಡಿದಿದ್ದನೋ, ಅದೇ ಅವನನ್ನು ಹಿಡಿದಿತ್ತೋ, ಹೇಳುವುದು ಕಷ್ಟ.

ಚಹಾ ಆದ ಮೇಲೆ ಪದ್ಧತಿಯಂತೆ ಹಿರಿಯರು ಇಬ್ಬರನ್ನೂ ಒಳಕೋಣೆಗೆ ಮಾತಾಡಲು ಕಳಿಸಿದರು. ಸೂದಾಬೆ ಅವನ ಮುಖವನ್ನೇ ನೋಡಿದಳು.

"ತುಟಿ ಕೆಂಪು, ಮುಖ ಬಿಳುಪು. ಎಷ್ಟು ಲೋಟ ಕುಡಿದ್ರಿ?"

"ನಾಲ್ಕು. ಕಷಾಯ ಬೇರೆ."

"ಮಾತ್ರೆ ಮೇಲೆ?"

ಫರ್ಶಾದ್ ತೇಲುವುದನ್ನು ನಿಲ್ಲಿಸಿದ.

"ನೀವು ತಲೆ ತಗ್ಗಿಸ್ಕೊಂಡು ಮಾತ್ರೆ ಒಯ್ತೀರಲ್ಲ, ಆ ಅಂಗಡೀಲಿ ಚೀಟಿ ಓದೋಳು ನಾನೇ," ಎಂದಳು. "ಕಾಯಿಲೆ ಗೊತ್ತಿದ್ದೇ ಒಪ್ಕೊಂಡೆ. ತಿಂಗಳು ತಪ್ಪದೆ ಬರ್ತಾರೆ, ವಿವೇಕ ಇರೋ ಮನುಷ್ಯ ಅಂದ್ಕೊಂಡೆ. ಬೇಡ ಅನ್ನೋಕೂ ಬರದವರು ಅಂತ ಗೊತ್ತಿರ್ಲಿಲ್ಲ."

ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇವಳೇ ತನ್ನ ಹೆಂಡತಿಯಾಗಬೇಕು ಎನ್ನಿಸಿತು.

"ಹಾಗಾದ್ರೆ ಈ ಸಂಬಂಧ ನಿಲ್ಲಿಸಿಬಿಡಿ ಅಂತ ಅಪ್ಪನಿಗೆ ಹೇಳ್ಲಾ?" ಎಂದು ಕೇಳಿ ಸೂದಾಬೆ ಕಾದಳು. ಸಾಕಷ್ಟು ಹೊತ್ತೇ ಕಾದಳು.

'ಬೇಡ' ಎಂಬ ಮಾತು ಅವನ ನಾಲಿಗೆಯ ತುದಿಯವರೆಗೂ ಬಂತು.

"ನಿಮಗ್ಯಾಕೆ ತೊಂದ್ರೆ," ಎಂದ ಫರ್ಶಾದ್. "ನಾನೇ ಹೇಳ್ಬಿಡ್ತೀನಿ."