ಹಾಸಿಗೆ ಅಂಗಡಿಯ ಪಾಸ್‌ವರ್ಡ್

ನಮ್ಮ ಬೀದಿಯ ಹಾಸಿಗೆ ಅಂಗಡಿಯ ಕಂಪ್ಯೂಟರ್ ಜಾಲವು ಈಗ ಸಂಪೂರ್ಣ ಸುರಕ್ಷಿತವಾಗಿದೆ ಎಂದು ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ತಿಳಿಯಪಡಿಸಲಾಗಿದೆ. ಅದರೊಳಗೆ ಕಳ್ಳರು ನುಗ್ಗಲಾರರು, ವೈರಸ್ಸು ನುಗ್ಗಲಾರದು, ಅಂಗಡಿಯ ಮಾಲೀಕರೂ ನುಗ್ಗಲಾರರು. ಬೀದಿಯ ಸಣ್ಣ ವ್ಯಾಪಾರಿಗಳ ಸಂಘದ ಕಾರ್ಯದರ್ಶಿಯಾಗಿ, ಮತ್ತು ಆ ಅಂಗಡಿಯೊಂದಿಗೆ ಗೋಡೆ ಹಂಚಿಕೊಂಡಿರುವ ಗಡಿಯಾರ ರಿಪೇರಿ ಅಂಗಡಿಯವನಾಗಿ, ಇದು ಕೈಗೂಡಿದ ಬಗೆಯನ್ನು ವಿವರಿಸುವುದು ನನ್ನ ಕರ್ತವ್ಯ. ಹೊಟ್ಟೆಕಿಚ್ಚಿನವರು ಬೇರೆ ರೀತಿ ಹೇಳುತ್ತಿದ್ದಾರಂತೆ. ಅವರ ಮಾತಿಗೆ ಕಿವಿಗೊಡಬಾರದು.

ಹಾಸಿಗೆ ಅಂಗಡಿ ಅಕ್ಕ ತಂಗಿ ಇಬ್ಬರದು. ಬೀದಿಗೆಲ್ಲ ಅವರು ಅಕ್ಕ ಮತ್ತು ತಂಗಿಯೇ. ಮುಂದೆ ಗಲ್ಲಾದ ಹತ್ತಿರ ಅಕ್ಕ ಕೂರುತ್ತಾರೆ. ಹಿಂದಿನ ಕೋಣೆಯಲ್ಲಿ ಹತ್ತಿ ಹಿಂಜುವ ಮಷಿನ್ನಿದೆ. ಅದರ ಪಕ್ಕದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು, ರೆಪ್ಪೆಯ ಮೇಲೆಲ್ಲ ಹತ್ತಿ ಕೂರಿಸಿಕೊಂಡು ತಂಗಿ ಇರುತ್ತಾರೆ. ಮಷಿನ್ ಓಡುತ್ತಿದ್ದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುವುದಿಲ್ಲ. ಒಮ್ಮೆ ನಿಲ್ಲಿಸಿದರೆ ಮತ್ತೆ ಹೊರಡುವುದಕ್ಕೆ ಅದಕ್ಕೇ ಮನಸ್ಸು ಬರಬೇಕು. ಹೀಗಾಗಿ ಅವರ ಅಪ್ಪನ ಕಾಲದಿಂದಲೂ ಆ ಅಂಗಡಿಯಲ್ಲಿ ಎಲ್ಲವನ್ನೂ ಕೂಗಿ ಹೇಳುವುದು ಪದ್ಧತಿ. ಯಾರಿಗೆ ಬೆನ್ನುನೋವು, ಯಾರ ಮಗು ಹಾಸಿಗೆ ಒದ್ದೆ ಮಾಡುತ್ತದೆ, ಯಾವ ದಂಪತಿ ಡಬಲ್ ಹಾಸಿಗೆ ಬಿಚ್ಚಿಸಿ ಎರಡು ಸಿಂಗಲ್ ಮಾಡಿಸಿಕೊಂಡರು, ಎಲ್ಲವೂ ಬೀದಿಗೆ ತಿಳಿದಿರುತ್ತದೆ. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಆ ದಂಪತಿಯನ್ನು ಬಿಟ್ಟರೆ.

ಜನ ಫೋಮ್ ಹಾಸಿಗೆಗೆ ಮರುಳಾದ ಮೇಲೆ ಅಂಗಡಿಯ ಜೀವ ಒಂದೇ ಗಿರಾಕಿಯ ಮೇಲೆ ನಿಂತಿತ್ತು. ಅದು ಊರಾಚೆಯ ವಿದ್ಯಾರ್ಥಿನಿಲಯ. ವರ್ಷಕ್ಕೊಮ್ಮೆ ಅಲ್ಲಿನ ಹಾಸಿಗೆಗಳನ್ನೆಲ್ಲ ಬದಲಿಸುತ್ತಾರೆ, ಆ ಆರ್ಡರಿನಿಂದಲೇ ಅಕ್ಕ ತಂಗಿಯರ ಒಲೆ ಉರಿಯುತ್ತದೆ. ಈ ಆರ್ಡರ್ ತಪ್ಪಿದರೆ ಅಪ್ಪನ ಮಷಿನ್ ಮಾರಿ ಅಂಗಡಿಗೆ ಬೀಗ ಹಾಕುವುದೇ ಸರಿ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ಮಾತಾಡಿಕೊಂಡಿದ್ದು ಕೂಗಿಯೇ ಆದ್ದರಿಂದ ಇದು ನಮಗೆಲ್ಲ ಗೊತ್ತು. ಹೀಗಿರುವಾಗ ವಿದ್ಯಾರ್ಥಿನಿಲಯದ ಕಚೇರಿ, ಇನ್ನು ಮುಂದೆ ಆರ್ಡರ್ ನೆಟ್‌ನಲ್ಲಿ ಬರುತ್ತದೆ, ಒಪ್ಪಿಗೆಯನ್ನೂ ನೆಟ್‌ನಲ್ಲೇ ಕೊಡಬೇಕು ಎಂದು ತಿಳಿಸಿತು. ಹಾಗೆ ಕಂಪ್ಯೂಟರ್ ಬಂದು ಗಲ್ಲಾದ ಪಕ್ಕ ಕೂತಿತು. ವೈಫೈ ಪೆಟ್ಟಿಗೆ ಹಿಂದಿನ ಕೋಣೆಯಲ್ಲಿ ಹತ್ತಿಮೂಟೆಗಳ ಮೇಲೆ ಹತ್ತಿತು. ಪಾಸ್‌ವರ್ಡ್ ನೆನಪಿಟ್ಟುಕೊಳ್ಳುವ ಹೊಣೆ ತಂಗಿಯ ಮೇಲೆ ಬಿತ್ತು.

ದಿನಾ ಬೆಳಗ್ಗೆ ಅಕ್ಕ ಕೂಗುತ್ತಿದ್ದರು. "ಏನೇ, ಪಾಸ್‌ವರ್ಡ್ ಏನೇ?"

"ಮೆತ್ತನೆ ದಿಂಬು ಅಕ್ಕಾ, ಮಧ್ಯೆ ಜಾಗ ಬಿಡ್ಬೇಡ," ಎಂದು ತಂಗಿ ಒಳಗಿನಿಂದ ಕೂಗುತ್ತಿದ್ದರು.

ಬೀದಿ ಜಾಗ ಬಿಡಲಿಲ್ಲ. ಎದುರಿನ ಸಲೂನಿನಲ್ಲಿ ಗಿರಾಕಿಗಳು ಕ್ಷೌರ ಮುಗಿದರೂ ಏಳದೆ ಸಿನಿಮಾ ನೋಡತೊಡಗಿದರು. ಟೀ ಅಂಗಡಿಯವನು ತನ್ನ ಟಿವಿಯನ್ನೂ, ಹೆಂಡತಿಯ ಫೋನನ್ನೂ, ಅತ್ತೆಯ ಫೋನನ್ನೂ ಸೇರಿಸಿಕೊಂಡ. ನಾನೂ ಬಳಸಿದ್ದುಂಟು, ಕಾರ್ಯದರ್ಶಿಗೆ ಇರಬೇಕಾದ ಲೋಕಜ್ಞಾನದ ಸಲುವಾಗಿ ಮಾತ್ರ. ಒಂದು ದಿನ ಅಕ್ಕ ಬಿಲ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದು, "ಇರೋರು ಇಬ್ರು ಹೆಂಗಸರು. ಇಷ್ಟು ನೆಟ್ ಯಾರಪ್ಪಾ ತಿಂದಿದ್ದು?" ಎಂದರು. ನಾನು ಆಗಷ್ಟೇ ನೋಡುತ್ತಿದ್ದ ಕ್ರಿಕೆಟ್ ಪಂದ್ಯವನ್ನು ನಿಲ್ಲಿಸಿ, ಇದು ಗಂಭೀರವಾದ ಭದ್ರತಾ ಲೋಪವೆಂದೂ ಸಂಘವು ಕೂಡಲೇ ಗಮನ ಹರಿಸುವುದೆಂದೂ ಭರವಸೆ ಕೊಟ್ಟೆ.

ಸಂಘವು ಬಹಳ ಹುಡುಕಿ ಒಬ್ಬ ಭದ್ರತಾ ಸಲಹೆಗಾರರನ್ನು ನೇಮಿಸಿತು. ಅವರು ನನ್ನ ಭಾವಮೈದುನ ಎಂಬುದು ನೇಮಕವಾದ ಮೇಲೆ ಬೆಳಕಿಗೆ ಬಂದ ವಿಷಯ. ಅವರು ಕಪ್ಪು ಕನ್ನಡಕ ಹಾಕಿಕೊಂಡು ಬಂದು, ಮೊದಲು ಖರ್ಚನ್ನು ಹದ್ದುಬಸ್ತಿಗೆ ತರಬೇಕು ಎಂದರು. ಅದಕ್ಕಾಗಿ ಖರ್ಚಿನ ಮೇಲೆ ಕಣ್ಣಿಡುವ ಒಂದು ಸಾಫ್ಟ್‌ವೇರ್ ಕೊಳ್ಳಲಾಯಿತು. ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಖರ್ಚು ತಾನೇ ಎಂದು ಅದು ಮೊದಲ ದಿನವೇ ಪ್ರಾಮಾಣಿಕವಾಗಿ ವರದಿ ಕೊಟ್ಟಿತು. ಆಗ ಅದರ ಮೇಲೆ ಕಣ್ಣಿಡಲು ಇನ್ನೊಂದನ್ನು ಕೊಳ್ಳಲಾಯಿತು. ಎರಡನೆಯದು ಅರ್ಧ ಬೆಲೆಗೆ ಸಿಕ್ಕಿದ್ದರಿಂದ ಆ ಅರ್ಧವನ್ನು ಉಳಿತಾಯವೆಂದು ನಮೂದಿಸಲಾಗಿದೆ. ಕಂಪ್ಯೂಟರಿಗೊಂದು, ವೈಫೈಗೊಂದು, ಆರ್ಡರ್ ಬರುವ ಮೇಲ್‌ಗೊಂದು ಎಂದು ಮೂರು ಪಾಸ್‌ವರ್ಡ್ ಸಾಕುವುದು ದುಂದುವೆಚ್ಚ ಎಂದು ಸಲಹೆಗಾರರು ಮೂರನ್ನೂ ಒಂದೇ ಮಾಡಿದರು.

ನಂತರ ಅವರು ಭದ್ರತೆಗೆ ಕೈಹಾಕಿದರು. ಪಾಸ್‌ವರ್ಡ್ ಉದ್ದವಿರಬೇಕು, ಅದರಲ್ಲಿ ಅಂಕಿಯೂ ಚಿಹ್ನೆಯೂ ಇರಬೇಕು, ಸೋಮವಾರ ಸೋಮವಾರ ಬದಲಾಗಬೇಕು, ಎಲ್ಲಿಯೂ ಬರೆದಿಡಕೂಡದು ಎಂದು ಆದೇಶವಾಯಿತು. ತಂಗಿ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಬರೆದಿಡಕೂಡದಾದ್ದರಿಂದ ಕೂಗುವುದು ಇನ್ನೂ ಹೆಚ್ಚಾಯಿತು. ಸೋಮವಾರ ಬೆಳಗಾದರೆ ಸಲೂನಿನ ಕತ್ತರಿ ಗಾಳಿಯಲ್ಲೇ ನಿಲ್ಲುತ್ತಿತ್ತು, ಟೀ ಅಂಗಡಿಯ ಸ್ಟವ್ ಸಣ್ಣಗಾಗುತ್ತಿತ್ತು.

"ದೊಡ್ಡ ಕೆ, ಸಣ್ಣ ಎಂ, ಸ್ಟಾರು, ಏಳು, ಏಳು, ದೊಡ್ಡ ಟಿ, ಪ್ಲಸ್ಸು, ಒಂಬತ್ತು."

"ಕೊನೇದು ಎಂಟಾ, ಒಂಬತ್ತಾ?" ಎಂದು ಟೀ ಅಂಗಡಿಯವನು ರಸ್ತೆಯಾಚೆಯಿಂದ ಕೂಗುತ್ತಿದ್ದ.

"ಒಂಬತ್ತು ಕಣಪ್ಪಾ," ಎಂದು ತಂಗಿ ತಾಳ್ಮೆಯಿಂದ ತಿದ್ದುತ್ತಿದ್ದರು.

ಈ ಕೂಗುವುದನ್ನು ನಿಲ್ಲಿಸಬಹುದಲ್ಲ ಎಂದು ಅಕ್ಕನೇ ಒಮ್ಮೆ ಕೇಳಿದರು. ತಮ್ಮ ಒಪ್ಪಂದ ಕಂಪ್ಯೂಟರಿಗೆ ಸಂಬಂಧಿಸಿದ್ದು, ಗಂಟಲು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದು ಸಲಹೆಗಾರರು ಸ್ಪಷ್ಟಪಡಿಸಿದರು. ಅವರು ಜಾಲವನ್ನು ಪರಿಶೀಲಿಸಿ, ಇಬ್ಬರ ಅಂಗಡಿಯಲ್ಲಿ ಬೀದಿಯ ಅರ್ಧ ಜನ ಬಳಕೆದಾರರಿದ್ದಾರೆ ಎಂದು ಕಂಡುಹಿಡಿದರು. ಬಳಕೆದಾರರೆಲ್ಲರಿಗೂ ತರಬೇತಿ ಕೊಡಬೇಕೆಂದು ನಿಯಮ. ಹಾಗೆ ಟೀ ಅಂಗಡಿಯ ಬೆಂಚಿನ ಮೇಲೆ, ಹಾಸಿಗೆ ಅಂಗಡಿಯ ಖರ್ಚಿನಲ್ಲಿ, ಬೀದಿಗೆಲ್ಲ ತರಬೇತಿ ನಡೆಯಿತು. ಯಾರು ಕೇಳಿದರೂ ಪಾಸ್‌ವರ್ಡ್ ಹೇಳಬಾರದು. ಮಾಲೀಕರೆಂದು ಹೇಳಿಕೊಂಡು ಬಂದವರಿಗಂತೂ ಸುತರಾಂ ಹೇಳಬಾರದು. ಅವಸರ ಮಾಡುವವರು, ಕಣ್ಣೀರು ಹಾಕುವವರು, ಪರಿಚಯದ ಮುಖದವರು ಎಲ್ಲರಿಗಿಂತ ಅಪಾಯಕಾರಿ. ಸಲೂನಿನವನು ಮೊದಲ ಸಾಲಿನಲ್ಲಿ ಕೂತು ಒಂದೊಂದು ಮಾತನ್ನೂ ಬಾಯಿಪಾಠ ಮಾಡಿದ. ಅಕ್ಕನಿಗೆ ಗಲ್ಲಾ ಬಿಟ್ಟು ಬರಲಾಗಲಿಲ್ಲ. ತಂಗಿ ಬಂದರು, ಆದರೆ ಕೂತಕೂಡಲೇ ನಿದ್ದೆಹೋದರು.

ಮರುವಾರ ಪರೀಕ್ಷೆ. ಸಲಹೆಗಾರರು ನನ್ನ ಅಂಗಡಿಯಲ್ಲಿ ಕೂತು, ಬಾಯಿಗೆ ಕರವಸ್ತ್ರ ಹಿಡಿದು, ಒಬ್ಬೊಬ್ಬರಿಗೇ ಫೋನ್ ಮಾಡಿ ಪಾಸ್‌ವರ್ಡ್ ಕೇಳಿದರು. ಸಲೂನಿನವನು ಫೋನ್ ಕುಕ್ಕಿದ. ಟೀ ಅಂಗಡಿಯವನು ಕರೆ ಮಾಡಿದವರ ಮೂರು ತಲೆಮಾರನ್ನು ಬೈದ. ಆ ಮೂರು ತಲೆಮಾರಿನಲ್ಲಿ ನನ್ನ ಹೆಂಡತಿಯ ತವರೂ ಬರುವುದರಿಂದ ನನಗೆ ಸ್ವಲ್ಪ ಸಿಟ್ಟು ಬಂತು, ಆದರೆ ಅವನಿಗೆ ಪೂರ್ಣ ಅಂಕ ಕೊಡಬೇಕಾಯಿತು. ಅಕ್ಕನಿಗೆ ಫೋನ್ ಹೋದಾಗ ಅವರು, "ಒಂದ್ನಿಮಿಷ ಇರಪ್ಪಾ, ನನಗೆ ನೆನಪಿರಲ್ಲ," ಎಂದು ತಂಗಿಯನ್ನು ಕೂಗಿ ಕೇಳಿ, ಫೋನನ್ನೇ ಹಿಂದಿನ ಕೋಣೆಯತ್ತ ಹಿಡಿದರು. ಸಲಹೆಗಾರರಿಗೆ ಉತ್ತರ ಒಂದು ಕಿವಿಗೆ ಫೋನಿನಿಂದಲೂ ಇನ್ನೊಂದು ಕಿವಿಗೆ ಗೋಡೆಯಿಂದಲೂ ಬಂತು. "ಬರ್ಕೊಂಡ್ಯಾ? ಊಟ ಆಯ್ತಾ?" ಎಂದೂ ಅಕ್ಕ ವಿಚಾರಿಸಿದರು.

ಬೀದಿಯಲ್ಲಿ ನಪಾಸಾದವರು ಇಬ್ಬರೇ. ನಪಾಸಾದವರು ಸುಧಾರಿಸುವ ತನಕ ಜಾಲದಿಂದ ಹೊರಗಿರಬೇಕೆಂದು ನಿಯಮ. ಪಾಸಾದವರೆಲ್ಲ ಸೇರಿ ಜಾಲ ಭದ್ರತಾ ಸಮಿತಿಯನ್ನು ರಚಿಸಿಕೊಂಡರು. ಸಲೂನಿನವನು ಅಧ್ಯಕ್ಷನಾದ. ಆ ಸೋಮವಾರ ಸಲಹೆಗಾರರೇ ಇಟ್ಟ ಹೊಸ ಪಾಸ್‌ವರ್ಡನ್ನು ಟೀ ಅಂಗಡಿಯ ಹಿಂದೆ ಕಿವಿಯಿಂದ ಕಿವಿಗೆ ಪಿಸುಗುಟ್ಟಲಾಯಿತು. ಹಾಸಿಗೆ ಅಂಗಡಿಯ ಪಾಸ್‌ವರ್ಡ್ ಗುಟ್ಟಾಗಿ ಉಳಿದದ್ದು ಅದೇ ಮೊದಲು. ನಮಗೆಲ್ಲ ಹೆಮ್ಮೆಯಾಯಿತು.

ಅದೇ ವಾರ ವಿದ್ಯಾರ್ಥಿನಿಲಯದ ಆರ್ಡರ್ ಬಂತು. ಶನಿವಾರ ಸಂಜೆಯೊಳಗೆ ಒಪ್ಪಿಗೆ ಕೊಡದಿದ್ದರೆ ಫೋಮ್ ಕಂಪನಿಗೆ ಹೋಗುತ್ತದೆ ಎಂದು ಕಚೇರಿಯವರು ಫೋನ್ ಮಾಡಿ ಹೇಳಿದರು. ಫೋನಿನಲ್ಲೇ ಒಪ್ಪಿಕೊಳ್ಳುತ್ತೇನೆಂದು ಅಕ್ಕ ಎಷ್ಟು ಬೇಡಿಕೊಂಡರೂ, "ನೀವು ನೀವೇ ಅಂತ ಹೆಂಗಮ್ಮಾ ನಂಬೋದು?" ಎಂದರಂತೆ. ಶನಿವಾರ ಮಧ್ಯಾಹ್ನ ಅಕ್ಕ ರಸ್ತೆ ದಾಟಿ ಸಲೂನಿಗೆ ಬಂದರು. ನಾನು ಅಲ್ಲಿ ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದೆ.

"ಪಾಸ್‌ವರ್ಡ್ ಹೇಳಪ್ಪಾ, ಆರ್ಡರ್ ಒಪ್ಕೋಬೇಕು."

"ಯಾರು ನೀವು?" ಎಂದ ಸಲೂನಿನವನು.

"ಅಯ್ಯೋ, ನಾನು ಕಣೋ. ಅಂಗಡಿ ನಂದು."

"ಮೋಸ ಮಾಡೋರು ಹಂಗೇ ಹೇಳ್ತಾರೆ ಅಕ್ಕಾ. ಹೇಳ್ಕೊಟ್ಟಿದಾರೆ."

"ಅಕ್ಕಾ ಅಂತೀಯ, ಯಾರು ಅಂತ ಕೇಳ್ತೀಯ. ನಿನ್ನ ಮದುವೆಗೆ ಹಾಸಿಗೆ ಹೊಲಿದುಕೊಟ್ಟಿದ್ದು ಯಾರೋ?"

"ಪರಿಚಯದ ಮುಖ ಜಾಸ್ತಿ ಅಪಾಯ ಅಂತೆ." ಅವನಿಗೂ ಸಂಕಟವಾಗುತ್ತಿತ್ತು. ಅವನು ನನ್ನ ಒಂದೇ ಕೆನ್ನೆಗೆ ಮತ್ತೆ ಮತ್ತೆ ನೊರೆ ಹಚ್ಚುತ್ತಿದ್ದುದರಿಂದ ನನಗೆ ಅದು ಚೆನ್ನಾಗಿ ತಿಳಿಯಿತು. "ಬೇಕಾದ್ರೆ ಗುರುತಿನ ಪ್ರಶ್ನೆ ಕೇಳ್ತೀನಿ. ನಿಮಗೆ ಇಷ್ಟವಾದ ಬಣ್ಣ ಯಾವುದು?"

"ನೀಲಿ."

"ತಪ್ಪು. ಹಸಿರು."

"ನನಗೆ ಹಸಿರು ಕಂಡ್ರಾಗಲ್ಲ. ಆ ಫಾರಂ ನನ್ನ ತಂಗಿ ತುಂಬಿಸಿದ್ದಿರಬೇಕು."

"ದಾಖಲೇಲಿ ನಿಮಗೆ ಹಸಿರು ಇಷ್ಟ ಅಕ್ಕಾ."

"ಆಯ್ತಪ್ಪಾ, ಹಸಿರು."

"ಈಗ ಉತ್ತರ ಬಯಲಾಗಿಬಿಡ್ತಲ್ಲ. ಈ ಪ್ರಶ್ನೆ ಇನ್ನು ನಡೆಯಲ್ಲ."

ಅಕ್ಕ ಕಾಯುವ ಬೆಂಚಿನ ಮೇಲೆ ಕೂತುಬಿಟ್ಟರು. "ಅಪ್ಪನ ಮಷಿನ್ನು ಗುಜರಿಗೆ ಹೋಗುತ್ತೆ ಕಣ್ರೋ," ಎಂದರು. ಅವರ ಕಣ್ಣಲ್ಲಿ ನೀರು ಬಂತು. ಕಣ್ಣೀರು ಕಂಡ ಕೂಡಲೇ ಸಲೂನಿನವನು ನಿಯಮದ ಪ್ರಕಾರ ಎರಡು ಹೆಜ್ಜೆ ಹಿಂದೆ ಸರಿದ. ನನಗೂ ಬಹಳ ದುಃಖವಾಯಿತು. ದುಃಖವಾಯಿತು ಎಂಬುದನ್ನು ಸಂಘದ ನಡಾವಳಿಯಲ್ಲಿ ದಾಖಲಿಸಿದ್ದೇನೆ.

ಮುಖದ ನೊರೆ ಒರೆಸಿಕೊಳ್ಳದೆಯೇ ನಾನು ಸಮಿತಿಯ ತುರ್ತುಸಭೆ ಕರೆದೆ. ಅನಧಿಕೃತ ವ್ಯಕ್ತಿಗೆ ಪಾಸ್‌ವರ್ಡ್ ಕೊಡುವಂತಿಲ್ಲ, ಆದರೆ ಅಧಿಕೃತ ವ್ಯಕ್ತಿಗಳು ಆರ್ಡರ್ ಒಪ್ಪಿಕೊಳ್ಳಲು ಯಾವ ಅಡ್ಡಿಯೂ ಇಲ್ಲ ಎಂಬ ದಾರಿ ಹೊಳೆದದ್ದು ಸಲಹೆಗಾರರಿಗೆ. ಸಲೂನಿನವನು ಕೈ ತೊಳೆದುಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂತ. ಪಾಸ್‌ವರ್ಡ್ ಒತ್ತುವಾಗ ಅಕ್ಕನಿಗೆ ಗೋಡೆಯ ಕಡೆ ತಿರುಗಲು ಹೇಳಿದ. ಅಕ್ಕ ತಿರುಗಿದರು. ಸರಬರಾಜುದಾರರು ಯಾರು ಎಂದು ಕೇಳಿದಲ್ಲಿ ಸುಳ್ಳು ಬರೆಯುವುದು ಭದ್ರತೆಗೆ ಧಕ್ಕೆಯಾದ್ದರಿಂದ ಜಾಲ ಭದ್ರತಾ ಸಮಿತಿ ಎಂದು ತುಂಬಿದ. ಆರ್ಡರ್ ಉಳಿಯಿತು.

ಹಾಗೆ ಈಗ ವಿದ್ಯಾರ್ಥಿನಿಲಯಕ್ಕೆ ಹಾಸಿಗೆ ಒದಗಿಸುತ್ತಿರುವುದು ನಮ್ಮ ಸಮಿತಿ. ಹಣ ಸಮಿತಿಗೆ ಬರುತ್ತದೆ. ಸಲಹಾ ಶುಲ್ಕ, ತರಬೇತಿ ಶುಲ್ಕ, ಕಣ್ಣಿಡುವ ಸಾಫ್ಟ್‌ವೇರುಗಳ ಶುಲ್ಕ ಕಳೆದು, ಹತ್ತಿ ಹಿಂಜಿ ಹೊಲಿಯುವ ಅಕ್ಕ ತಂಗಿಯರಿಗೆ ಕೂಲಿ ಕೊಡಲಾಗುತ್ತಿದೆ. "ನಮ್ಮ ಅಂಗಡೀಲಿ ನಾವೇ ಕೂಲಿಯೇನಕ್ಕಾ?" ಎಂದು ತಂಗಿ ಕೂಗಿದ್ದನ್ನು ಬೀದಿ ಕೇಳಿತು. "ಮಷಿನ್ ಉಳೀತಲ್ಲೇ, ಸುಮ್ನಿರೆ," ಎಂದು ಅಕ್ಕ ಕೂಗಿದ್ದನ್ನೂ ಕೇಳಿತು. ಅಕ್ಕನ ವಿವೇಕವನ್ನು ಮೆಚ್ಚಿ ಸಮಿತಿಯು ಅವರಿಗೆ ಮಧ್ಯಾಹ್ನದ ಹೊತ್ತು, ಸಲೂನಿನವನ ಸಮ್ಮುಖದಲ್ಲಿ, ಅತಿಥಿಯಾಗಿ ನೆಟ್ ನೋಡಲು ಅನುಮತಿ ನೀಡಿದೆ.

ಕಳೆದ ಸೋಮವಾರ ಸಲಹೆಗಾರರು ಪರಿಶೀಲನೆಗೆ ಬಂದಿದ್ದರು. ಮಷಿನ್ ಭರ್ಜರಿಯಾಗಿ ಓಡುತ್ತಿತ್ತು, ಹಾಸಿಗೆಗಳನ್ನು ಬಾಗಿಲ ತನಕ ಒಟ್ಟಲಾಗಿತ್ತು. ಹಳೆಯ ಅಭ್ಯಾಸ ನೋಡಿ, ಅಕ್ಕ ಕಂಪ್ಯೂಟರ್ ಒರೆಸುತ್ತಾ ಒರೆಸುತ್ತಾ ಮೈಮರೆತು ಕೂಗಿಬಿಟ್ಟರು.

"ಏನೇ, ಪಾಸ್‌ವರ್ಡ್ ಏನೇ?"

ಸಲೂನಿನ ಕತ್ತರಿ ಗಾಳಿಯಲ್ಲೇ ನಿಂತಿತು.

"ಗೊತ್ತಿಲ್ಲ ಅಕ್ಕಾ," ಎಂದು ತಂಗಿ ಕೂಗಿದರು.

ಸಲಹೆಗಾರರು ಕಪ್ಪು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ತಮ್ಮ ವೃತ್ತಿಜೀವನದಲ್ಲಿ ಇಷ್ಟು ಸರಿಯಾದ ಉತ್ತರವನ್ನು ಕೇಳಿರಲಿಲ್ಲವೆಂದರು. ಇಬ್ಬರೂ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾರೆ ಎಂದು ಅಲ್ಲಿಯೇ ಘೋಷಿಸಿ ಪ್ರಮಾಣಪತ್ರ ಕೊಟ್ಟರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಕ್ಕ ಖುಷಿಯಿಂದ, "ಹಾಗಾದ್ರೆ ಇನ್ನು ನಮಗೂ ಪಾಸ್‌ವರ್ಡ್..." ಎಂದು ಶುರುಮಾಡಿದರು.

"ಅಕ್ಕಾ," ಎಂದು ಸಲಹೆಗಾರರು ಮೆಲ್ಲಗೆ ಎಚ್ಚರಿಸಿದರು, "ಪಾಸಾದವರು ಅದನ್ನ ಕೇಳಲ್ಲ. ಕೇಳಿದವರು ಫೇಲು."

ಅಕ್ಕ ಕೈಯಲ್ಲಿದ್ದ ಪ್ರಮಾಣಪತ್ರವನ್ನೊಮ್ಮೆ ನೋಡಿದರು, ಒಳಗೆ ಓಡುತ್ತಿದ್ದ ಮಷಿನ್ನಿನ ಕಡೆಗೊಮ್ಮೆ ನೋಡಿದರು.

"ನಾನೇನೂ ಕೇಳ್ಲಿಲ್ಲಪ್ಪಾ," ಎಂದು ಹೇಳಿ, ಅದನ್ನು ತೂಗುಹಾಕಲು ನನ್ನ ಹತ್ತಿರ ಒಂದು ಮೊಳೆ ಕೇಳಿದರು.