ನಾಲ್ಕನೆಯ ಪ್ರಶ್ನೆ

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನೇ ಕೇಳಬೇಕು ಎಂದು ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಬೇಲೂರಿನ ಕಾಲೇಜೊಂದರಲ್ಲಿ ಎಂಟು ವರ್ಷ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದೆ. ಅಷ್ಟು ವರ್ಷ ಅತಿಥಿಯಾಗಿಯೇ ಇರುವುದು ಯಾರ ಮನೆಯಲ್ಲೂ ಮರ್ಯಾದೆಯಲ್ಲ ಅನಿಸಿ, ನಲವತ್ತರ ಹತ್ತಿರ ಕಾನೂನು ಓದಿ ಅರಸೀಕೆರೆಯ ಕೋರ್ಟಿಗೆ ಬಂದೆ. ಆಸಿಡ್ ಬಿದ್ದು ತೂತಾದ ಬಿಳಿ ಕೋಟು ಹೋಗಿ ಕರಿ ಕೋಟು ಬಂತು, ಒಳಗಿದ್ದವಳು ಬದಲಾಗಲಿಲ್ಲ. ಸಾರು ಚೆನ್ನಾಗಿದೆ ಎಂದು ಗಂಡ ಹೇಳಿದರೆ, ಯಾಕೆ ಚೆನ್ನಾಗಿದೆ ಎಂದು ಕೇಳಿ ಕೇಳಿ, ಉಪ್ಪು ತುಸು ಹೆಚ್ಚಾಗಿದೆ ಎಂದು ಅವರ ಬಾಯಿಂದ ಹೇಳಿಸಿಯೇ ಬಿಡುವವಳು ನಾನು. ಸೀನಿಯರ್ ರುದ್ರಪ್ಪನವರು ಮೊದಲ ದಿನವೇ ಎಚ್ಚರಿಸಿದ್ದರು: ಎದುರು ಕಡೆಯ ಸಾಕ್ಷಿಗೆ ಉತ್ತರ ಗೊತ್ತಿರುವ ಪ್ರಶ್ನೆಯನ್ನಷ್ಟೇ ಹಾಕಬೇಕು, ಬೇಕಾದ ಮಾತು ಬಂದ ಕೂಡಲೇ ಕೂತುಬಿಡಬೇಕು. ಗೊತ್ತಿರುವುದನ್ನು ಕೇಳುವುದೇಕೆ ಎಂದು ಮನಸ್ಸಿನಲ್ಲೇ ನಕ್ಕಿದ್ದೆ.

ಆಮೇಲೆ ಬಾಣಾವರದ ಕಡೆಯ ಸಿದ್ದಮ್ಮನವರ ಕೇಸು ನನ್ನ ಪಾಲಿಗೆ ಬಂತು. ಅವರ ತೆಂಗಿನ ತೋಟಕ್ಕೆ ಪಕ್ಕದವರ ಹೊಲ ಹಾದು ಹೋಗಬೇಕು. ಮೂವತ್ತು ವರ್ಷ ಓಡಾಡಿದ ದಾರಿಗೆ ಆ ಮನೆಯ ಮಗ ಬೇಲಿ ಹಾಕಿದ್ದ. ಈಗ ಸಿದ್ದಮ್ಮ ಕಾಯಿ ಹೊತ್ತು ಕೆರೆ ಏರಿ ಸುತ್ತಿ ಬರಬೇಕು, ಮಂಡಿನೋವು ಬೇರೆ. ಬೇಲಿ ತೆಗೆಸಲು ನಾವು ತೋರಿಸಬೇಕಾದದ್ದು ಒಂದೇ. ಇಷ್ಟು ವರ್ಷ ಆಕೆ ಯಾರ ಅಪ್ಪಣೆಯೂ ಇಲ್ಲದೆ, ತನ್ನ ಹಕ್ಕೆಂದೇ ಅಲ್ಲಿ ಓಡಾಡಿದ್ದಾರೆ ಎಂದು.

ಎದುರು ಕಡೆಯ ಸಾಕ್ಷಿ, ಆ ಹೊಲ ಉಳುತ್ತಿದ್ದ ಮುದುಕ ನಿಂಗಯ್ಯ. ದಾರಿ ಇತ್ತೇ ಎಂದೆ, ಇತ್ತು ಎಂದ. ಸಿದ್ದಮ್ಮ ಓಡಾಡುತ್ತಿದ್ದರೇ ಎಂದೆ, ಹೌದೆಂದ. ಎಷ್ಟು ವರ್ಷ ಎಂದೆ, ಮೂವತ್ತಾದರೂ ಆಗಿರಬೇಕು ಎಂದ. ರುದ್ರಪ್ಪನವರು ಪಕ್ಕದಿಂದ ನನ್ನ ಕೋಟಿನ ತುದಿ ಎಳೆದರು. ಕೂತಿದ್ದರೆ ಗೆದ್ದಿದ್ದೆ. ಆದರೆ ಮೂವತ್ತು ವರ್ಷ ಯಾರೂ ತಡೆಯಲಿಲ್ಲವೆಂದರೆ ಅದಕ್ಕೊಂದು ಕಾರಣ ಇರಲೇಬೇಕಲ್ಲ. ಯಾಕೆ ತಡೆಯಲಿಲ್ಲ ಎಂದು ಕೇಳಿಬಿಟ್ಟೆ.

"ಗಂಡ ತೀರ್ಕಂಡಾಗ ನಮ್ ದೊಡ್ ಯಜಮಾನ್ರೇ ಹೇಳಿದ್ರು ಕಣಮ್ಮ, ಒಂಟಿ ಹೆಂಗ್ಸು, ಹಿಂಗೇ ಓಡಾಡ್ಕಳ್ಲಿ ಅಂತ."

ಅಲ್ಲಿಗೆ ಮುಗಿಯಿತು. ಅಪ್ಪಣೆಯ ಮೇಲೆ ನಡೆದ ದಾರಿ ಹಕ್ಕಾಗುವುದಿಲ್ಲ. ಅಪ್ಪ ಕೊಟ್ಟದ್ದನ್ನು ಮಗ ಕಿತ್ತುಕೊಳ್ಳಬಹುದು.

ತೀರ್ಪು ಬಂದ ದಿನ ನನಗೆ ಸಿದ್ದಮ್ಮನವರ ಮುಖ ನೋಡಲಾಗಲಿಲ್ಲ. ಇದನ್ನು ನನಗೇಕೆ ಹೇಳಲಿಲ್ಲ ಎಂದು ತಪ್ಪನ್ನು ಅವರ ಮೇಲೇ ಹಾಕಲು ನೋಡಿದೆ. ನೀವು ಕೇಳಲಿಲ್ಲವಲ್ಲ ಎಂದರು. ನಿಜ. ಊರವರನ್ನೆಲ್ಲ ಕೇಳುವವಳು ನನ್ನ ಕಕ್ಷಿದಾರಳನ್ನೇ ಕೇಳಿರಲಿಲ್ಲ. ನಾಚಿಕೆಯಾಯಿತು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅವರು ಚೀಲದಿಂದ ಒಂದು ತೆಂಗಿನಕಾಯಿ ತೆಗೆದು ನನ್ನ ಕೈಗಿಟ್ಟರು. ಕೊಬ್ಬರಿಯಾಗಲೆಂದು ನಮ್ಮ ಕಡೆ ವರ್ಷದ ತನಕ ಅಟ್ಟದ ಮೇಲೆ ಹಾಕಿಡುವ ಕಾಯಿ.

"ಕೊಬ್ರಿ ಆಗೈತಾ ಅಂತ ಒಡೆದು ನೋಡ್ಬಾರ್ದು ಲಾಯರಮ್ಮ. ಕಿವಿ ಹತ್ರ ಹಿಡ್ಕಂಡು ಅಲ್ಲಾಡಿಸ್ಬೇಕು. ಗಡಗಡ ಅಂದ್ರೆ ಆಗೈತೆ. ಇದಿನ್ನೂ ಆಗಿಲ್ಲ, ಮಡೀಕಳಿ."

ಇಷ್ಟು ಹೇಳಿ, ಮಂಡಿ ಹಿಡಿದುಕೊಂಡು ಕೋರ್ಟಿನ ಮೆಟ್ಟಿಲಿಳಿದರು. ಇವತ್ತಿಗೂ ಅವರು ಕೆರೆ ಏರಿ ಸುತ್ತಿಯೇ ಬರುತ್ತಾರೆ. ಮೇಲ್ಮನವಿ ಹಾಕಿದ್ದೇವೆ, ಅದನ್ನು ರುದ್ರಪ್ಪನವರೇ ನಡೆಸುತ್ತಿದ್ದಾರೆ. ಕಡತ ಹಿಡಿದು ಬಾಯಿ ಮುಚ್ಚಿಕೊಂಡು ಕೂರುವುದು ನನಗೆ ಒಪ್ಪಿಸಿರುವ ಕೆಲಸ.

ನಮ್ಮ ಬಾಡಿಗೆ ಮನೆಗೆ ಅಟ್ಟವಿಲ್ಲ. ಕಾಯನ್ನು ಫ್ರಿಜ್ಜಿನ ಮೇಲಿಟ್ಟು ದಿನವೂ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಹತ್ತನೆಯ ದಿನ ತಡೆಯಲಾಗದೆ ಒಡೆದೆ. ಇನ್ನೂ ಹಸಿ ಇತ್ತು.